ಅಡುಗೆಮನೆ ಬಾಗಿಲಿನ ಗಡಗಡಿ

ಫೆಬ್ರವರಿ ೨೧, ಶನಿವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಇದು ನಾನು ಬರೆಯಲು ಕೂರುವ ಹೊತ್ತಲ್ಲ. ಎಬ್ಬಿಸಿ ಕೂರಿಸಿದ್ದು ಒಂದು ವಾಸನೆ.

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ನಿಮಗೂ ಗೊತ್ತಿರುತ್ತದೆ. ತೆಳ್ಳಗೆ, ಸ್ವಲ್ಪ ಸಿಹಿಯಾಗಿ, ಮೂಗಿಗಿಂತ ಗಂಟಲಿಗೆ ಹೆಚ್ಚು ತಾಗುವ ವಾಸನೆ ಅದು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿಲ್ಲ. ಹಾಗಾಗಿ ಆ ವಾಸನೆ ಬಂತೆಂದರೆ ಅಪ್ಪ ಗಡಗಡಿಯನ್ನು ಹೊರಗೆ ತೆಗೆದಿದ್ದಾರೆಂದೇ ಅರ್ಥ. ಬಾವಿಯ ಮೇಲಿನ ರಾಟೆಗೆ ನಮ್ಮ ಬಾಗಲಕೋಟೆ ಕಡೆ ಗಡಗಡಿ ಅನ್ನುತ್ತಾರೆ. ನಮ್ಮದು ಬಾವಿಯದಲ್ಲ, ಅಂಗೈಯಲ್ಲಿ ಹಿಡಿಸುವಂಥ ಹಿತ್ತಾಳೆಯದು. ಎದ್ದು ನೋಡಿದೆ. ಅಪ್ಪ ಹಾಲ್‌ನಲ್ಲಿ ನಿನ್ನೆಯ ಪೇಪರ್ ಹಾಸಿಕೊಂಡು, ಕನ್ನಡಕ ಹಣೆಗೇರಿಸಿಕೊಂಡು ಅದಕ್ಕೆ ಎಣ್ಣೆ ಬಿಡುತ್ತಿದ್ದರು.

"ಇಷ್ಟ ಲಗೂನ ಯಾಕ ಎದ್ದಿ ಮಗಳ? ಮಕ್ಕೋ ಹೋಗು."

"ಇದನ್ನ ಯಾಕ ತಗದ್ರಿ?"

"ಹತ್ತಕ್ಕ ಶಿವಪ್ಪನ ಮನಿಗೆ ಹೊಕ್ಕೀನಿ. ಅಂವನ ಬಾಗಲಕ್ಕ ಕೂಡಿಸಿ ಬರ್ತೀನಿ. ಇಲ್ಲಿ ಡಬ್ಬ್ಯಾಗ ಕುಂತು ಏನ್ ಮಾಡತೈತಿ? ಅಂವಗರ ಉಪಯೋಗ ಆಗಲಿ."

ಶಿವಪ್ಪ ಕಾಕಾ ಮತ್ತು ಅಪ್ಪ, ನಾವೀಗಿರುವ ಈ ತೆಲುಗು ಊರಿನಲ್ಲಿ, ಬಾಲಾನಗರದ ಸರಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಅಕ್ಕಪಕ್ಕ ನಿಂತು ಕೆಲಸ ಮಾಡಿದವರು. ಮೂರು ವಾರದ ಹಿಂದೆ ಕಾಕಾನಿಗೆ ಲಕ್ವ ಹೊಡೆಯಿತು. ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಬಲಗೈ ಜೋತುಬಿದ್ದಿದೆ.

ನಾನು ಕೋಣೆಗೆ ಬಂದೆ. ಆ ಗಡಗಡಿಯ ಬಗ್ಗೆ ನನಗೆ ಗೊತ್ತಿದ್ದು ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಅದನ್ನು ಮೂರು ವರ್ಷ, ಐದು ತಿಂಗಳು, ಒಂದು ದಿನ ಬಚ್ಚಿಟ್ಟುಕೊಂಡಿದ್ದೇನೆ. ಹತ್ತು ಗಂಟೆಯೊಳಗೆ ಹೇಳಬೇಕು, ಅಥವಾ ಎಂದಿಗೂ ಹೇಳಬಾರದು. ಹೇಳುವುದು ಹೇಗೆಂದು ತಿಳಿಯದೆ ಮೊದಲು ಈ ಪತ್ರಿಕೆಯ ಓದುಗರಾದ ನಿಮಗೆ ಹೇಳುತ್ತಿದ್ದೇನೆ.

ದಿನ ಇಷ್ಟು ಕರಾರುವಾಕ್ಕಾಗಿ ಹೇಳಿದ್ದಕ್ಕೆ ನಗಬೇಡಿ. ಎಂಟನೇ ತರಗತಿಯಿಂದ ನನಗೆ ಈ ರೋಗವಿದೆ. ವರ್ಷದ ಕೊನೆಗೆ ಅಪ್ಪನಿಗೆ ಕಾರ್ಖಾನೆಯಿಂದ ದಪ್ಪ ರಟ್ಟಿನ ಡೈರಿ ಸಿಗುತ್ತಿತ್ತು. ಅದು ನೇರ ನನ್ನ ಕೈಗೆ ಬರುತ್ತಿತ್ತು. ಮೇಲಿನ ಮನೆಯವರ ನೀರಿನ ಟ್ಯಾಂಕು ವರ್ಷಕ್ಕೆ ಎಷ್ಟು ಸಲ ತುಂಬಿ ಹರಿಯಿತು, ಅಪ್ಪ ಊಟದ ನಡುವೆ ಎಷ್ಟು ಸಲ "ನಮ್ಮ ಟೂಲ್ ರೂಮಿನಾಗ" ಅಂದರು, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ. "ಇಕಿನ್ನ ಲಗ್ನ ಮಾಡಿಕೊಳ್ಳಾಂವ ಮದಲ ಹಾಜರಿ ಹಾಕಿ ಒಳಗ ಬರಬೇಕು" ಎಂದು ಅವ್ವ ನಗುತ್ತಿದ್ದಳು. ಒಂದು ವಿಷಯ ಮಾತ್ರ ನಾನು ಎಂದೂ ಎಣಿಸಿರಲಿಲ್ಲ: ಅವ್ವ ತುರುಬು ಕಟ್ಟಿಕೊಳ್ಳುವುದು.

ಅವ್ವನ ಕೂದಲು ಸೊಂಟದ ಕೆಳಗಿತ್ತು. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕನ್ನಡಿಯಿಲ್ಲದೆ, ಎರಡೂ ಕೈ ತಲೆಯ ಹಿಂದಕ್ಕೊಯ್ದು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಸುತ್ತಿಬಿಡುತ್ತಿದ್ದಳು. ಪಿನ್ನು ಕಚ್ಚಿದ ಬಾಯಿಂದಲೇ ನನಗೆ ಬೈಗುಳ. ನಾನು ತಿಂಡಿಗೆ ತಡಮಾಡಿದರೆ, ಅಪ್ಪ ಒದ್ದೆ ಟವೆಲ್ ಮಂಚದ ಮೇಲೆ ಹಾಕಿದರೆ, ಆ ಎರಡು ನಿಮಿಷದಲ್ಲಿ ಮನೆಯ ಎಲ್ಲ ತಗಾದೆಗಳೂ ತೀರ್ಮಾನವಾಗುತ್ತಿದ್ದವು. ಮೊಣಕೈಗಳೆರಡು ಮೇಲೆ ಹೋದದ್ದು ನಮಗೆ ಕಾಣುತ್ತಲೇ ಇರಲಿಲ್ಲ. ದಿನವೂ ನಡೆಯುವುದನ್ನು ಯಾರು ನೋಡುತ್ತಾರೆ?

ಸುಮಾರು ನಾಲ್ಕು ವರ್ಷದ ಹಿಂದೆ, ಏಪ್ರಿಲ್ ಆರರ ಬೆಳಿಗ್ಗೆ ಏಳೂ ಐವತ್ತಕ್ಕೆ, ಅದೇ ಬಾಗಿಲಲ್ಲಿ ಅವಳ ಎಡಗೈ ಕೂದಲಿನಿಂದ ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. "ಏನಾತಿದಕ್ಕ?" ಎಂದು ಕೈಯನ್ನೇ ಬೈದಳು. ಮೂರನೆಯ ಸಲ ಎತ್ತುವಷ್ಟರಲ್ಲಿ ಗೋಡೆಗೆ ಒರಗಿ ಕೆಳಗೆ ಕುಸಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆವು. ಮಾತು ಉಳಿಯಿತು, ನಡಿಗೆ ಕೋಲಿನ ಆಸರೆಯಲ್ಲಿ ಬಂತು. ಎಡಗೈ ಮಾತ್ರ ಬರಲಿಲ್ಲ. ಮನೆಗೆ ಬಂದ ದಿನ ಅವ್ವ ಹೇಳಿದ ಮೊದಲ ಮಾತು, "ಉಣ್ಣಾಕ ಬಲಗೈ ಐತಿ. ತುರುಬ ಕಟ್ಟಕೊಳ್ಳುವಷ್ಟು ಎಡಗೈ ಬಂದ್ರ ಸಾಕು. ಮತ್ತೇನೂ ಬ್ಯಾಡ ನನಗ."

ನಾನು ಅದನ್ನು ಡೈರಿಯಲ್ಲಿ 'ಗುರಿ' ಎಂದು ಬರೆದುಕೊಂಡೆ. ಅಡಿಗೆರೆಯನ್ನೂ ಹಾಕಿದೆ.

ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿದ್ದರು. ಕೈಯನ್ನು ದಿಂಬಿನ ಮೇಲಿಡಿ, ಬಲವಿಲ್ಲದ ಕೈಯನ್ನು ಹಿಡಿದು ಎಳೆಯಬೇಡಿ, ಹೀಗೆ ಎಂಟೊಂಬತ್ತು ಸಾಲು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಫ್ರಿಜ್ಜಿಗೆ ಅಂಟಿಸಿದ್ದೆ. ಬಂದು ನೋಡುವವರು ಎಬ್ಬಿಸಲು ಕೈಹಿಡಿದಾಗಲೆಲ್ಲ ಹಾಳೆಯ ಕಡೆ ಬೆರಳು ತೋರಿಸುತ್ತಿದ್ದೆ. ಎಳೆಯಬೇಡಿ ಎಂದರೆ ಬೇರೆಯವರು ಎಳೆಯಬಾರದು ಎಂದು ನಾನು ತಿಳಿದಿದ್ದೆ. ಅವಳ ಕೈಯನ್ನು ಅವಳೇ ಎಳೆದುಕೊಂಡರೆ ಅದು ವ್ಯಾಯಾಮವಲ್ಲವೇ?

ಹಾಗನ್ನಿಸಿದ್ದಕ್ಕೆ ಕಾರಣ ಗಡಗಡಿ. ಮನೆಗೆ ಬಂದು ವ್ಯಾಯಾಮ ಮಾಡಿಸುವವರನ್ನು ಹುಡುಕುತ್ತ ಅಪ್ಪ ಜೂನ್ ಮೊದಲ ವಾರ ಅಮೀರ್‌ಪೇಟೆಯ ಫಿಸಿಯೋಥೆರಪಿ ಕೇಂದ್ರವೊಂದಕ್ಕೆ ಹೋಗಿದ್ದರು. ಮನೆಗೆ ಬರುವವರು ಯಾರೂ ಖಾಲಿ ಇರಲಿಲ್ಲ. ಆದರೆ ಕಾಯುತ್ತ ಕೂತಾಗ ಅಲ್ಲೊಬ್ಬರು ತಲೆಯ ಮೇಲಿನ ರಾಟೆಗೆ ಹಾಕಿದ ಹಗ್ಗದ ಎರಡು ತುದಿ ಹಿಡಿದು, ಒಂದು ಕೈಯಿಂದ ಇನ್ನೊಂದನ್ನು ಮೇಲೆಳೆಯುವುದನ್ನು ಕಂಡರು. ಕೇಳಿದರು. "ಕಂಧಾ ಜಾಮ್ ಹೋಗಯಾ ಥಾ ಸಾಬ್, ಅಬ್ ದೇಖೋ" ಎಂದು, ಭುಜ ಹಿಡಿದುಕೊಂಡಿದ್ದದ್ದು ಈಗ ಹೇಗಾಗಿದೆ ನೋಡಿ ಎಂದು, ಆತ ಕೈಯೆತ್ತಿ ತೋರಿಸಿದನಂತೆ. ಅವನಿಗೆ ಲಕ್ವ ಹೊಡೆದಿತ್ತೋ ಇಲ್ಲವೋ ಎಂದು ಅಪ್ಪ ಕೇಳಲಿಲ್ಲ. ಭುಜವೆಂದರೆ ಭುಜ. ಮೆಟ್ರೋದಲ್ಲಿ ಬರುವಾಗಲೇ ಪೇಪರಿನ ಅಂಚಿನಲ್ಲಿ ನಕ್ಷೆ ತಯಾರಾಗಿತ್ತು.

"ಜಾಮ್ ಆದ ಬೇರಿಂಗ್ ಸುಮ್ನ ಇಟ್ರ ಇನ್ನೂ ಜಾಮ್ ಆಕ್ಕೈತಿ. ತಿರಗಸ್ತಾ ಇರಬೇಕು" ಅಂದರು. ಮೂವತ್ತು ವರ್ಷ ಬೇರಿಂಗಿನ ಸಂಬಳ ಉಂಡ ಮನೆ ನಮ್ಮದು. ಇದನ್ನು ಅನುಮಾನಿಸುವವರು ಯಾರೂ ಇರಲಿಲ್ಲ.

ಬಾಲಾನಗರದ ಪರಿಚಯದ ಶೆಡ್ಡಿನಲ್ಲಿ ಲೇಥ್ ಮುಂದೆ ತಾವೇ ನಿಂತು ಗಾಲಿ ಕಡೆದರು. ಒಳಗೆ ಬಾಲ್ ಬೇರಿಂಗ್. ಬಲಗೈಗೆ ತೀಡಿ ನುಣುಪಾಗಿಸಿದ ಮರದ ಹಿಡಿ. ಹಿಡಿಯಲಾರದ ಎಡಗೈಗೆ ಒಳಗೆ ಮೆತ್ತನೆಯ ಬಟ್ಟೆ ಹೊಲಿದ ಪಟ್ಟಿ. "ಅಂಗಡ್ಯಾಗ ಸಿಗೂದು ಪ್ಲಾಸ್ಟಿಕ್, ಕಿರ್ ಅಂತೈತಿ. ಇದನ್ನ ನೋಡು" ಎಂದು ಬೆರಳಿಂದ ಒಮ್ಮೆ ತಟ್ಟಿದರು. ನಾನು ಗಡಿಯಾರ ನೋಡಿದೆ. ಸದ್ದಿಲ್ಲದೆ ನಲವತ್ತೊಂದು ಸೆಕೆಂಡು ತಿರುಗಿ ನಿಂತಿತು. ಅವ್ವ ಕುರ್ಚಿಯಲ್ಲಿ ಕೂತು ಅದನ್ನಲ್ಲ, ಅಪ್ಪನ ಮುಖವನ್ನು ನೋಡುತ್ತಿದ್ದಳು. ನಿವೃತ್ತಿಯಾದ ಮೇಲೆ ಅವರು ಅಷ್ಟು ಖುಷಿಯಾಗಿದ್ದನ್ನು ನಾವು ಕಂಡಿರಲಿಲ್ಲ.

ಜೂನ್ ಹದಿಮೂರರಂದು ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಅದನ್ನು ಕೂಡಿಸಿದರು. ಆ ದಿನದಿಂದ ದಿನಾ ಸಂಜೆ ನಾಲ್ಕಕ್ಕೆ ಎಣಿಕೆ. ಮೊದಲ ವಾರ ಇಪ್ಪತ್ತು ಎಳೆತ, ಮುಂದಿನ ಎರಡು ವಾರ ನಲವತ್ತು, ಆಮೇಲೆ ನೂರು. ನೂರು ಮಾಡೋಣವೆಂದವಳು ನಾನು. ಎಡಗೈ ಎಷ್ಟು ಎತ್ತರ ಮುಟ್ಟಿತೆಂದು ಅಪ್ಪ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು, ನಾನು ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದೆ. ಮಕ್ಕಳ ಎತ್ತರ ಗುರುತಿಸುತ್ತಾರಲ್ಲ, ಹಾಗೆ. ಗೆರೆಗಳು ಏರುತ್ತಲೇ ಹೋದವು. ಅವು ಬಲಗೈಯ ಎಳೆತದ ಗುರುತುಗಳೇ ಹೊರತು ಎಡಗೈಯವಲ್ಲ ಎಂಬುದು ಹೊಳೆಯಬೇಕಾದರೆ ಪೆನ್ಸಿಲ್ ಹಿಡಿಯದವರು ಯಾರಾದರೂ ಬೇಕಿತ್ತು.

"ನಾ ಏನ್ ಬಾವಿ ನೀರ ಸೇದಾಕತ್ತೀನೇನ್ರಿ? ಇಷ್ಟೊತ್ತಿಗೆ ಕೊಡ ತುಂಬತಿತ್ತು" ಎಂದು ಅರವತ್ತರ ಹೊತ್ತಿಗೆ ಅವ್ವ ಅನ್ನುವಳು.

"ಇನ್ನ ನಲವತ್ತು ಕೊಡ ಐತಿ. ಎಳಿ ಎಳಿ" ಎಂದು ಅಪ್ಪ.

ಜುಲೈನಲ್ಲಿ ಅಪ್ಪ ಸುಲ್ತಾನ್ ಬಜಾರಿಗೆ ಹೋಗಿ, ಒಂದೇ ಕೈಯಲ್ಲಿ ಹಾಕಬಹುದಾದ ಕೂದಲಿನ ಕ್ಲಿಪ್ಪು ಆರು ಬಣ್ಣದಲ್ಲಿ ತಂದರು, ತುರುಬು ಬರುವವರೆಗೆ ಇರಲಿ ಎಂದು. "ಈ ವಯಸ್ಸಿನ್ಯಾಗ ನನ್ನ ಕಾಲೇಜ್ ಹುಡಿಗಿ ಮಾಡಾಕತ್ತೀರಿ" ಎಂದು ನಕ್ಕ ಅವ್ವ ನಗುತ್ತಲೇ ಕಣ್ಣು ಮುಚ್ಚಿಕೊಂಡಳು. ಆಗಲೇ ನಕ್ಕರೂ ಭುಜಕ್ಕೆ ನೋವಾಗುತ್ತಿತ್ತು.

ನನಗೆ ಅದು ಗೊತ್ತಿತ್ತು ಎಂಬುದೇ ಇಲ್ಲಿನ ಕಷ್ಟ. ನನ್ನ ಬಳಿ ಎರಡು ನೋಟ್‌ಬುಕ್ಕಿದ್ದವು. ಹಸಿರು ರಟ್ಟಿನದರಲ್ಲಿ ಎಳೆತದ ಲೆಕ್ಕ. ನೀಲಿಯದರಲ್ಲಿ ಡಾಕ್ಟರು ಬರೆಯಲು ಹೇಳಿದ್ದ ನೋವಿನ ಲೆಕ್ಕ, ಹತ್ತಕ್ಕೆ ಎಷ್ಟೆಂದು ದಿನಕ್ಕೆರಡು ಸಲ. ಬೆಳಿಗ್ಗೆ ಆರೂವರೆಗೆ ಕೇಳುತ್ತಿದ್ದೆ. ಅದು ಅಪ್ಪ ಹಾಲು ತರಲು ಹೋಗುವ ಹೊತ್ತು. ಅವ್ವ "ಏಳು ಬರಕೊ" ಅನ್ನುವಳು. ಸಂಜೆ ಏಳಕ್ಕೆ, ಎಲ್ಲರೂ ಹಾಲ್‌ನಲ್ಲಿ ಕೂತಾಗ ಕೇಳಿದರೆ "ಮೂರು". ಬೆಳಿಗ್ಗೆ ಏಳಿದ್ದದ್ದು ಸಂಜೆ ಮೂರಾಗುತ್ತದೆ. ನಡುವೆ ನಾಲ್ಕು ಗಂಟೆಗೆ ಗಡಗಡಿ. ಆಗಸ್ಟ್ ಎರಡರ ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಹೀಗಿದೆ: 'ವ್ಯಾಯಾಮದಿಂದ ನೋವು ನಾಲ್ಕು ಅಂಶ ಇಳಿಯುತ್ತಿದೆ. ನಿಲ್ಲಿಸಬಾರದು.' ಈ ವಾಕ್ಯವನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಫೋನಿನಲ್ಲಿ ಶಿವಪ್ಪ ಕಾಕಾನಿಗೆ ಓದಿ ಹೇಳಿದರು.

ಎರಡೂ ಹೊತ್ತಿನ ನಡುವಿನ ವ್ಯತ್ಯಾಸ ಗಡಗಡಿಯಲ್ಲ, ಕೋಣೆಯಲ್ಲಿ ಅಪ್ಪ ಇದ್ದಾರೋ ಇಲ್ಲವೋ ಎಂಬುದು. ಇಷ್ಟು ಚಿಕ್ಕ ವಿಷಯವನ್ನು ಬರೆದುಕೊಳ್ಳಲು ನನ್ನ ನೋಟ್‌ಬುಕ್ಕಿನಲ್ಲಿ ಅಂಕಣವಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವ್ವನಿಗೆ ರವಿಕೆ ತೊಡಿಸುವುದೂ ಕಷ್ಟವಾಯಿತು. ಕೊನೆಗೆ ಇಪ್ಪತ್ತನೇ ತಾರೀಖು ಸ್ವಪ್ನಾ ಎಂಬ ಫಿಸಿಯೋಥೆರಪಿಸ್ಟ್ ಮನೆಗೆ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಒಳಗೆ ಕಾಲಿಡುತ್ತಲೇ ಬಾಗಿಲ ಮೇಲೆ ನೋಡಿ ನಿಂತರು. "ಯೇ ಕೌನ್ ಲಗಾಯಾ?" ಇದನ್ನು ಹಾಕಿದವರು ಯಾರೆಂದು ಕೇಳಿದರು.

"ಮೈಂ ಬನಾಯಾ ಮೇಡಂ. ಅಂದರ್ ಬಾಲ್ ಬೇರಿಂಗ್ ಹೈ" ಎಂದರು ಅಪ್ಪ, ತಾವೇ ಮಾಡಿದ್ದೆಂದು ಎದೆಯುಬ್ಬಿಸಿ.

ಸ್ವಪ್ನಾ ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಬಹುತ್ ಅಚ್ಛಾ ಬನಾಯೇ ಅಂಕಲ್", ತುಂಬ ಚೆನ್ನಾಗಿ ಮಾಡಿದ್ದೀರಿ, ಅಂದರು. ಆಮೇಲೆ ಎರಡು ಗಟ್ಟಿ ದಿಂಬು ಬೇಕೆಂದು ಅವರನ್ನು ಅಂಗಡಿಗೆ ಕಳಿಸಿ, ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು, "ಎನ್ನಿ ರೋಜುಲು?" ಎಷ್ಟು ದಿನದಿಂದ? ನಾನು ಹೆಮ್ಮೆಯಿಂದಲೇ ಹೇಳಿದೆ, ಇವತ್ತಿಗೆ ನೂರನೇ ದಿನ. ನಾಲ್ಕು ದಿನ ಮಾತ್ರ ತಪ್ಪಿದೆ. ಒಲೆಯ ಮೇಲೆ ಅದಕ್ಕೆಂದೇ ರವೆ-ಬೆಲ್ಲದ ಸಜ್ಜಕ ಕುದಿಯುತ್ತಿತ್ತು.

ಅವರು ಹಸಿರು, ನೀಲಿ ಎರಡನ್ನೂ ಮಂಚದ ಮೇಲೆ ಪಕ್ಕಪಕ್ಕ ಬಿಡಿಸಿಟ್ಟರು. ನಾನು ನೂರು ದಿನದಲ್ಲಿ ಒಮ್ಮೆಯೂ ಹಾಗೆ ಇಟ್ಟಿರಲಿಲ್ಲ. ಬೆಳಗಿನ ಅಂಕಿಯ ಮೇಲೆ ಮಾತ್ರ ಬೆರಳಾಡಿಸಿದರು. ಜೂನ್, ಇಪ್ಪತ್ತು ಎಳೆತ, ನೋವು ಮೂರು. ಜುಲೈ, ನೂರು, ನೋವು ಐದು, ಆರು. ಆಗಸ್ಟ್, ಏಳು. ಸೆಪ್ಟೆಂಬರ್, ಎಂಟು. ಅವರು ಏನೂ ಹೇಳಬೇಕಿರಲಿಲ್ಲ. ಆದರೂ ನಿಧಾನವಾಗಿ ಹೇಳಿದರು: ಭುಜವನ್ನು ಹಿಡಿದಿಡುವ ಸ್ನಾಯುಗಳು ಮಲಗಿವೆ, ತೋಳಿನ ಮೂಳೆ ಒಂದು ಬೆರಳಿನಷ್ಟು ಕೆಳಗೆ ಜಾರಿದೆ. ಹಗ್ಗದಿಂದ ಜಗ್ಗಿದರೆ ತೋಳು ಮೇಲೆ ಹೋಗುತ್ತದೆ, ಆದರೆ ಬೆನ್ನಿನ ಹಲಗೆ ಮೂಳೆ ಜೊತೆಗೆ ತಿರುಗುವುದಿಲ್ಲ. ನಡುವಿನ ಮಾಂಸ ಜಜ್ಜುತ್ತದೆ. ಪ್ರತಿ ಸಲವೂ.

ಆ ಸಲಗಳ ಮೊತ್ತ ನನ್ನ ಬಳಿ ಸಿದ್ಧವಿತ್ತು. ನಿನ್ನೆಯವರೆಗೆ ಎಂಟು ಸಾವಿರದ ನೂರು.

ಪೂರ್ತಿ ಇದರಿಂದಲೇ ಎಂದು ಹೇಳಲಾಗದು, ಲಕ್ವದಲ್ಲಿ ಭುಜ ತಾನಾಗಿಯೂ ನೋಯುತ್ತದೆ ಎಂದು ಸ್ವಪ್ನಾ ಸೇರಿಸಿದರು. ಅದು ನನ್ನ ಮುಖ ನೋಡಿ ಹೇಳಿದ್ದೋ ನಿಜವೋ, ಇವತ್ತಿಗೂ ಗೊತ್ತಿಲ್ಲ. "ಮೊದಲೇ ಯಾಕೆ ಹೇಳಲಿಲ್ಲಮ್ಮಾ?" ಎಂದು ಅವ್ವನನ್ನು ಕೇಳಿದರು. ಅವ್ವ ನನಗೆ ಉತ್ತರ ಕೊಟ್ಟಳು, ಕನ್ನಡದಲ್ಲಿ: "ಅಷ್ಟ ಹೌಸಲೆ, ಪ್ರೀತೀಲೆ ಮಾಡ್ಯಾರ. ಅವರ ಮುಂದ ಹೆಂಗ ಹೇಳಲಿ?" ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. "ನಿಮ್ಮಪ್ಪಗ ಹೇಳಬ್ಯಾಡ. ಡಾಕ್ಟರ್ ಸ್ವಲ್ಪ ದಿನ ಬಿಡಾಕ ಹೇಳ್ಯಾರ ಅನ್ನು. ಕೈ ಹೋದ್ರ ನಂದು ಹೋತು. ಅವರ ಕೆಲಸದ ಹೆಸರರ ಉಳೀಲಿ."

ಅಪ್ಪ ದಿಂಬು ತಂದಾಗ ನಾನು ಅದನ್ನೇ ಹೇಳಿದೆ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಭುಜಕ್ಕೆ ಪಟ್ಟಿ ಅಂಟಿಸಿದರು, ಸಣ್ಣ ಕರೆಂಟ್ ಕೊಟ್ಟರು, ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್. ಮೇಜಿನ ಮೇಲೆ ಟವೆಲ್ ಹಾಸಿ, ಎಡಗೈಯನ್ನು ಅದರ ಮೇಲಿಟ್ಟು, ಒರೆಸುವಂತೆ ಮೆಲ್ಲಗೆ ಮುಂದಕ್ಕೆ ಹಿಂದಕ್ಕೆ ಸರಿಸುವುದು. ನೋವು ಎಂಟರಿಂದ ಐದಾಯಿತು, ವರ್ಷದ ಮೇಲೆ ಮೂರು. ಅಲ್ಲೇ ನಿಂತಿತು. ಕೈ ಮಾತ್ರ ಎದೆಯ ಮಟ್ಟದಿಂದ ಮೇಲೆ ಬರಲಿಲ್ಲ. ಆ ಡಿಸೆಂಬರಿನಲ್ಲಿ ಅವ್ವ ಕತ್ತರಿ ತರಲು ಹೇಳಿದಳು. ನಾನೇ ಕಟ್ಟುತ್ತೇನಲ್ಲ ಅಂದೆ. "ಬ್ಯಾಡ. ಅದು ಇರೂತನಕ ಕೈ ಮ್ಯಾಲ ಹೊಕ್ಕೈತೇನೋ ಅಂತ ನೋಡತಿರ್ತೀನಿ" ಅಂದಳು. ಕತ್ತರಿಸಿದ ಕೂದಲು ಇಪ್ಪತ್ತಾರು ಇಂಚು. ಅಳೆದಿದ್ದೇನೆ. ಏಕೆ ಅಳೆದೆ ಎಂದು ಕೇಳಬೇಡಿ.

ಅಪ್ಪ ಗಡಗಡಿ ಬಿಚ್ಚಿ ಡಬ್ಬಿಯಲ್ಲಿಟ್ಟರು. ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತಾರೆ. ಆಗೆಲ್ಲ ಒಂದೇ ಮಾತು, "ನಡು ಬಿಟ್ಟ ಕೊಟ್ವಿ. ಇನ್ನ ಎರಡು ತಿಂಗಳ ಮಾಡಿದ್ರ ಬರತಿತ್ತು." ಅವ್ವ ಹೂಂ ಅನ್ನುತ್ತಾಳೆ.

ಈಗ ಎಂಟೂ ಕಾಲು. ಒಳಗೆ ಸ್ಕ್ರೂಡ್ರೈವರ್ ಹುಡುಕುವ ಸದ್ದು. ಹೋಗಿ ಬರುತ್ತೇನೆ.

*

ಹನ್ನೊಂದು ಇಪ್ಪತ್ತು. ಹೇಳಿದೆ. ಹೇಳಲು ಮಾತು ಬರಲಿಲ್ಲ. ಎರಡೂ ನೋಟ್‌ಬುಕ್ಕನ್ನು ಪೇಪರಿನ ಮೇಲೆ, ಗಡಗಡಿಯ ಎರಡು ಪಕ್ಕದಲ್ಲಿ ಬಿಡಿಸಿಟ್ಟೆ. ಅಪ್ಪ ಕನ್ನಡಕ ಕೆಳಗಿಳಿಸಿ, ಡ್ರಾಯಿಂಗ್ ಓದುವಂತೆ ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದಿದರು. ಪುಟ ತಿರುವುವಾಗ ಎಣ್ಣೆಯ ಬೆರಳಚ್ಚು ಬಿತ್ತು. ನಾನು ಸ್ವಪ್ನಾ ಹೇಳಿದ್ದನ್ನು ಹೇಳಿದೆ. ಸಂಜೆಯ ಮೂರು ಏಕೆ ಮೂರಾಗಿತ್ತು ಎಂಬುದನ್ನೂ ಹೇಳಿದೆ.

"ಯಾವತ್ತ ಗೊತ್ತಾತು ನಿನಗ?"

"ಸೆಪ್ಟೆಂಬರ್ ಇಪ್ಪತ್ತು. ನೀವು ದಿಂಬು ತರಾಕ ಹೋದಾಗ."

"ಅಕಿಗೆ?"

"ಅಕಿಗೆ ಮದಲಿಂದ ಗೊತ್ತಿತ್ತು."

ಅಪ್ಪ ಎರಡನ್ನೂ ಮುಚ್ಚಿ ಒಂದರ ಮೇಲೊಂದಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಟೂಲ್ ರೂಮಿನ ಮಾತು ತೆಗೆದರು. "ಕೆಟ್ಟ ಪೀಸಿಗೆ ನಾವು ಕೆಂಪ ಬಣ್ಣ ಹಚ್ಚತಿದ್ವಿ. ಯಾಕ ಗೊತ್ತೈತೇನ? ಕೆಡಿಸಿದಾಂವಗ ನಾಚಿಕಿ ಆಗಲಿ ಅಂತಲ್ಲ. ಮತ್ತೊಬ್ಬ ತಿಳೀದ ಎತ್ತಿ ಮಷೀನಿಗೆ ಹಾಕಬಾರದು ಅಂತ." ಗಡಗಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು. "ಮೂರು ವರ್ಷ ಇದನ್ನ ಒಳ್ಳೆ ಪೀಸ್ ಜೋಡಿ ಇಟ್ಟೀಯಲ್ಲ ಯವ್ವಾ."

ನಾನು ಎಣಿಸಬಹುದಾದದ್ದೇನೂ ಆ ಮಾತಿನಲ್ಲಿರಲಿಲ್ಲ.

ಅಪ್ಪ ಎದ್ದು ಒಳಗೆ ಹೋದರು. ಅವ್ವ ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಅಪ್ಪ ಎದುರಿಗೆ ನಿಂತು, ಹೊಸಬರನ್ನು ಮಾತಾಡಿಸುವಷ್ಟು ಮೆಲ್ಲಗೆ ಕೇಳಿದರು, "ಆಗ ನೋವ ಆಗತಿತ್ತೇನ?"

ಅವ್ವ ಮೊದಲು ನನ್ನನ್ನು ನೋಡಿದಳು. ಮಾತು ಮುರಿದವಳನ್ನು ನೋಡುವ ನೋಟ. ಆಮೇಲೆ ಅಪ್ಪನ ಕಡೆ ತಿರುಗಿದಳು. "ಒಂದರ ದಿನ ಸಪ್ಪಳ ಮಾಡಲಿಲ್ರಿ ನಿಮ್ಮ ಗಡಗಡಿ" ಅಂದಳು. "ಭಾಳ ಹಗುರ ತಿರಗತಿತ್ತು."

ಅಪ್ಪ ಹೊರಗೆ ಬಂದು ನನ್ನನ್ನು ಕೇಳಿದರು, "ನಿನ್ನ ಉಗುರಿಗೆ ಹಚ್ಚೂ ಕೆಂಪ ಐತೇನ?" ಕೊಟ್ಟೆ. ಹಿತ್ತಾಳೆಯ ಗಾಲಿಯ ಮೇಲೆ ಅಂಚಿನಿಂದ ಅಂಚಿಗೆ ಒಂದು ನೇರ ಗೆರೆ ಎಳೆದರು. ಅದು ಒಣಗುವವರೆಗೆ ಕಾದು ಕೂತು, ಹತ್ತು ಗಂಟೆಗೆ ಶಿವಪ್ಪ ಕಾಕಾನ ಮನೆಗೆ ಹೊರಟರು. ಚೀಲದಲ್ಲಿ ಗಡಗಡಿಯಿಲ್ಲ, ನನ್ನ ಎರಡು ನೋಟ್‌ಬುಕ್ಕುಗಳಿವೆ. "ಅಂವನ ಮಗಳಿಗೆ ತೋರಸ್ತೀನಿ" ಅಂದರು.

ಅವ್ವ ನನ್ನ ಜೊತೆ ಮಾತಾಡುತ್ತಿಲ್ಲ. ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆಗಳನ್ನು ಅಳಿಸಲೆಂದು ರಬ್ಬರ್ ಹಿಡಿದು ಹೋಗಿದ್ದೆ. "ಅದನ್ನ ಮುಟ್ಟಬ್ಯಾಡ" ಎಂದಳು ಒಮ್ಮೆ. ಅಷ್ಟೇ.

ಓದಿದವರಲ್ಲಿ ಈ ಕೆಲಸ ಬಲ್ಲವರು, ಅಥವಾ ಇಂಥದೇ ಕೈಯನ್ನು ಮನೆಯಲ್ಲಿ ನೋಡಿಕೊಂಡವರು ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ನಾಲ್ಕು ವರ್ಷ ಹೀಗೆ ನಿಂತುಹೋದ ಭುಜ ಸ್ವಲ್ಪವಾದರೂ ಬಿಟ್ಟುಕೊಡುತ್ತದೆಯೇ? ತಲೆಯ ಹಿಂದಕ್ಕೆ ಬೇಡ, ಕಿವಿಯವರೆಗೆ? ಶಿವಪ್ಪ ಕಾಕಾನ ಕೈಗೆ ಮೂರೇ ವಾರ. ಅವರ ಬಾಗಿಲ ಚೌಕಟ್ಟು ಖಾಲಿಯಿದೆ, ಅವರ ಮಗಳು ಹೊಸ ನೋಟ್‌ಬುಕ್ ತಂದಿಟ್ಟುಕೊಂಡಿದ್ದಾಳಂತೆ. ಅದರಲ್ಲಿ ಏನನ್ನು ಬರೆಯಬೇಕು, ಯಾರಿಲ್ಲದ ಹೊತ್ತಿನಲ್ಲಿ ಕೇಳಿ ಬರೆಯಬೇಕು ಎಂಬುದನ್ನು ಬೇಗ ತಿಳಿಸಿ.